ಬಿಟ್ಟ ಜಾಗ

೨೦೧೯ನೆಯ ಇಸವಿ ಮಾರ್ಚ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅದೊಮಾಕೊ ತನ್ನ ಪ್ರೆಸ್ಸಿನಲ್ಲಿ ಕೂತು, ಸಾವಿನ ಪೋಸ್ಟರೊಂದರ ಪಟ್ಟಿಯಲ್ಲಿ ತನ್ನ ಮಗಳ ಹೆಸರನ್ನು ಟೈಪು ಮಾಡಿದ, ಸ್ವಲ್ಪ ಹೊತ್ತು ನೋಡಿದ, ಅಳಿಸಿದ. ಹೆಸರು ಹೋಯಿತು, ಹೆಸರಿದ್ದ ಸಾಲು ಉಳಿಯಿತು. ಮೇಲೆ ಹನ್ನೊಂದು ಮರಿಮಕ್ಕಳ ಹೆಸರು, ಕೆಳಗೆ ಒಂಬತ್ತು, ನಡುವೆ ಬಿಳಿ. ಆ ಬಿಳಿಯನ್ನೂ ಇಲ್ಲವಾಗಿಸಲು ಇನ್ನೊಂದು ಸಲ ಅದೇ ಗುಂಡಿ ಒತ್ತಿದ್ದರೆ ಸಾಕಿತ್ತು. ಬೆರಳು ಗುಂಡಿಯವರೆಗೆ ಹೋಗಿ ನಿಂತಿತು. ಹೊರಗೆ ಕುಮಾಸಿಯ ಆಸಾಫೊ ಬಡಾವಣೆಯ ರಸ್ತೆಯಲ್ಲಿ ಟ್ರೋಟ್ರೋ ವ್ಯಾನುಗಳ ಕಂಡಕ್ಟರುಗಳು ‘ಕೆಜೆಟಿಯಾ, ಕೆಜೆಟಿಯಾ’ ಎಂದು ಪೇಟೆಯ ಹೆಸರನ್ನು ಒಂದೇ ಸಮನೆ ಕೂಗುತ್ತಿದ್ದರು. ಒಳಗೆ ಮುದ್ರಣಯಂತ್ರ ನಡೆಸುವ ತಾವಿಯಾ ರೋಲರಿನ ಮಸಿ ಒರೆಸುತ್ತ ಯಾರನ್ನೋ ಬೈಯುತ್ತಿದ್ದಳು, ಬಹುಶಃ ರೋಲರನ್ನೇ. ಇಷ್ಟಕ್ಕೂ ಯಾರೂ ಬೇಡವೆಂದಿರಲಿಲ್ಲ. ಯಾರೂ ಬೇಡವೆನ್ನುವ ಮೊದಲೇ ತಾನೇ ಅಳಿಸಿದೆನಲ್ಲ ಎಂಬುದು ಅವನಿಗೆ ಹೊಳೆದದ್ದು ಅಳಿಸಿ ಮುಗಿದ ಮೇಲೆ.

ಬೆಳಗಿನ ಜಾವ ಅಂಗಳ ಗುಡಿಸುತ್ತಿದ್ದ ಸೆರ್ವಾ, ಬಗ್ಗಿದ ಬೆನ್ನು ಎತ್ತದೆ, ಗಂಡನ ಮುಖ ನೋಡದೆ ಹೇಳಿದ್ದಳು: “ಎಲ್ಲರ ಹೆಸರೂ ಹಾಕ್ತೀರಲ್ಲ, ನನ್ನ ಮಗಳದ್ದೂ ಹಾಕಿ.” ನಮ್ಮ ಮಗಳು ಎನ್ನಲಿಲ್ಲ. ಅವನು ಹಲ್ಲುಜ್ಜುತ್ತ “ಆಗ್ಲಿ” ಎಂದಿದ್ದ. ಬಾಯ ತುಂಬ ನೊರೆಯಿರುವಾಗ ಒಪ್ಪಿಕೊಳ್ಳುವುದು ಎಷ್ಟು ಸುಲಭ. ಹದಿನಾಲ್ಕು ತಿಂಗಳಿಂದ ಅವಳು ಅವನನ್ನು ಏನೂ ಕೇಳಿರಲಿಲ್ಲ. ಮೊದಲೆಲ್ಲ ‘ಅಫ್ರಿಯೆ ಅಪ್ಪಾ’ ಎಂದು ಕರೆಯುತ್ತಿದ್ದವಳು, ಆ ಕರೆಯೂ ಮಗುವಿನ ಜೊತೆಗೇ ಹೋದದ್ದರಿಂದ, ಈಗ ಏನೂ ಕರೆಯುತ್ತಿರಲಿಲ್ಲ. ಹತ್ತಿರ ಬಂದು ನಿಲ್ಲುತ್ತಿದ್ದಳು, ಅಷ್ಟೆ. ಈಗ ತೀರಿಕೊಂಡಿದ್ದವರು ಸೆರ್ವಾಳ ತಾಯಿಯ ತಾಯಿ, ನಾನಾ ಫ್ರೆಮಾ. ತೊಂಬತ್ತೆಂಟು ವರ್ಷ. ಇಷ್ಟು ಬಾಳಿದವರ ಪೋಸ್ಟರಿಗೆ ಬಿಳಿಯ ಹಿನ್ನೆಲೆ, ಕಪ್ಪು ಅಕ್ಷರ. ಕೆಂಪು ಬರುವುದು ನಡುವಯಸ್ಸಿನಲ್ಲಿ ಹಠಾತ್ತನೆ ಹೋದವರಿಗೆ. ಕುಮಾಸಿಯ ಗೋಡೆಗಳ ಮೇಲೆ ಯಾವ ಬಣ್ಣ ಎಷ್ಟಿದೆ ಎಂದು ನೋಡಿಯೇ ಆ ವಾರ ಊರಿನಲ್ಲಿ ಎಂಥ ಸಾವುಗಳು ಸಂಭವಿಸಿವೆ ಎಂದು ಅವನು ಹೇಳಬಲ್ಲವನಾಗಿದ್ದ. ಮಗುವಿಗೆ ಯಾವ ಬಣ್ಣವೆಂದು ಮಾತ್ರ ಯಾರೂ ಗೊತ್ತುಮಾಡಿರಲಿಲ್ಲ. ಗೊತ್ತುಮಾಡುವ ಅಗತ್ಯವೇ ಬಿದ್ದಿರಲಿಲ್ಲ. ಹೆತ್ತವರಿಗಿಂತ ಮುಂದೆ ಹೋದ ಮಗುವಿಗೆ ಪೋಸ್ಟರಿಲ್ಲ, ಶನಿವಾರದ ಶಾಮಿಯಾನವಿಲ್ಲ, ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳಿಲ್ಲ. ಹೆತ್ತವರು ಮಣ್ಣಿನ ಹತ್ತಿರ ಹೋಗುವಂತಿಲ್ಲ.

ಕಳೆದ ವರ್ಷ ಜನವರಿಯಲ್ಲಿ ಹರ್ಮಟಾನ್ ಗಾಳಿಯ ದೂಳು ಊರನ್ನೆಲ್ಲ ಹಳೆಯ ಫೋಟೋದಂತೆ ಮಾಸಲು ಮಾಡಿದ್ದ ಒಂದು ಮಧ್ಯಾಹ್ನ ನಾಲ್ವರು ಹಿರಿಯರು ಬಂದು ಅಫ್ರಿಯೆಯನ್ನು ಕರೆದುಕೊಂಡು ಹೋದರು. ಹೊತ್ತುಕೊಂಡು ಎಂದು ಯಾರೂ ಅನ್ನಲಿಲ್ಲ, ಕರೆದುಕೊಂಡು ಎಂದರು. ಏಳು ವರ್ಷದ ಮಗು. ಬಾಗಿಲು ಮುಂದೆ ಮಾಡಿದ ಕೋಣೆಯಲ್ಲಿ ಗಂಡಹೆಂಡತಿ ಕೂತಿದ್ದರು. ಸೆರ್ವಾ ಬಾಯಿ ತೆರೆದಾಗ ನಾನಾ ಫ್ರೆಮಾ ತನ್ನ ಅಂಗೈಯನ್ನು ಮೊಮ್ಮಗಳ ಬಾಯಿಯ ಮೇಲೆ ಇಟ್ಟಳು. “ಗಟ್ಟಿಯಾಗಿ ಅಳ್ಬೇಡ ಕಂದಾ. ಒಡಲಿಗೆ ಕೇಳಿಸುತ್ತೆ. ಕೇಳಿಸಿದ್ರೆ ಮತ್ತೆ ತುಂಬಲ್ಲ.” ಆ ಕೈ ಈಗ ತೆರೆಯ ಮೇಲಿತ್ತು, ಕೆಂಟೆ ಬಟ್ಟೆಯ ಮಡಿಲಲ್ಲಿ ಇನ್ನೊಂದು ಕೈಯ ಮೇಲೆ ಒರಗಿಕೊಂಡು, ಮೂರು ಉಂಗುರ ಹಾಕಿಕೊಂಡು. ಕೈಯ ನೆರಳನ್ನು ಅವನು ಮೊದಲ ದಿನವೇ ತಿಳಿಗೊಳಿಸಿದ್ದ. ಒಳ್ಳೆಯ ಫೋಟೋ. ಪುಟದ ಮೇಲಿನ ಮೂರನೆಯ ಒಂದು ಭಾಗದಲ್ಲಿ ಮುಖ ಸರಿಯಾಗಿ ಕೂತಿತ್ತು. ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ದಪ್ಪಕ್ಷರದ ಹೆಸರಿಗೆ ಇಳಿಯುತ್ತದೆ, ಆಮೇಲೆ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು, ಕೊನೆಗೆ ಮಣ್ಣು ಮಾಡುವ ದಿನ ಮತ್ತು ಜಾಗ. ನೋಡುವವನ ಕಣ್ಣಿಗೆ ದಾರಿ ಹಾಕಿಕೊಡುವುದೇ ತನ್ನ ಕೆಲಸ ಎಂದು ಅವನು ಪಾಲಿಟೆಕ್ನಿಕ್ಕಿನಲ್ಲಿ ವಾರಕ್ಕೊಮ್ಮೆ ಪಾಠ ಹೇಳುವಾಗ ಹೇಳುತ್ತಿದ್ದ.

ಆ ಪಾಠ ಅವನಿಗೆ ಬಾಯಿಪಾಠವಾಗಿತ್ತು. ಬಿಂದು, ರೇಖೆ, ಆಕಾರ, ಬಣ್ಣ, ಮೇಲ್ಮೈಯ ಗುಣ. ಆಮೇಲೆ ಇವುಗಳನ್ನು ಆಳುವ ನಿಯಮಗಳು: ಸಮತೋಲ, ಲಯ, ಒತ್ತು, ವೈದೃಶ್ಯ. ಕೊನೆಯ ತರಗತಿಯಲ್ಲಿ ಬಿಟ್ಟ ಜಾಗ. “ಖಾಲಿ ಜಾಗ ಖಾಲಿಯಲ್ಲ. ಅದೂ ಒಂದು ಆಕಾರ. ಅದಕ್ಕೂ ತೂಕ ಇದೆ,” ಎಂದು ಅವನು ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬಳು, “ಸಾರ್, ತೂಕ ಇದ್ರೆ ಗಿರಾಕಿ ಹತ್ರ ಅದಕ್ಕೂ ದುಡ್ಡು ತಗೋಬಹುದಾ?” ಎಂದು ಕೇಳಿದ್ದಳು. ತರಗತಿಯೆಲ್ಲ ನಕ್ಕಿತ್ತು, ಅವನೂ ನಕ್ಕಿದ್ದ. ಆ ನಗುವಿನ ನಡುವೆಯೇ, ಮೈಮೇಲೆ ಯಾರೋ ತಣ್ಣೀರು ಎರಚಿದಂತೆ, ಆಸ್ಪತ್ರೆಯ ದಿಂಬು ನೆನಪಾಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆ ಬೆಳಿಗ್ಗೆ, ಕಿಟಕಿಯ ಬೆಳಕು ಒಂದೇ ಕಡೆಯಿಂದ ಬೀಳುತ್ತಿದ್ದಾಗ, ಅಫ್ರಿಯೆಯ ಮುಖ ದಿಂಬಿನ ಎಡಮೂಲೆಗೆ ಜಾರಿತ್ತು. ಉಳಿದ ಮೂರರಲ್ಲಿ ಎರಡು ಪಾಲು ಬರೀ ಬಿಳಿಯ ಬಟ್ಟೆ. ಎಂಥ ಒಳ್ಳೆಯ ಜೋಡಣೆ, ಎಂದು ಅವನ ಮನಸ್ಸು ಅಂದಿತು. ಅಂದದ್ದು ನಿಜ. ಒಂದು ಕ್ಷಣ, ಅದಕ್ಕಿಂತ ಹೆಚ್ಚಲ್ಲ, ಅವನು ತಂದೆಯಾಗಿರಲಿಲ್ಲ, ಕಣ್ಣಾಗಿದ್ದ. ನರ್ಸು ಬಂದು ಅವನನ್ನು ಪಕ್ಕಕ್ಕೆ ಸರಿಸಿದಳು. ಆ ಕ್ಷಣದಲ್ಲೇ ಮಗು ಹೋಯಿತೋ ಆಮೇಲೆ ಹೋಯಿತೋ ಅವನಿಗೆ ತಿಳಿಯದು. ಅವತ್ತು ಸಂಜೆ ಮನೆಯಲ್ಲಿ ಕೂರಲಾರದೆ ಅವನು ಪ್ರೆಸ್ಸಿಗೆ ಬಂದು ಯಾರದೋ ಚಿಕ್ಕಪ್ಪನ ಪೋಸ್ಟರಿನ ಅಕ್ಷರಗಳ ನಡುವಿನ ಅಂತರ ಸರಿಮಾಡಿದ್ದ. ಒಂದು ಗಂಟೆ ಎದೆ ಹಗುರಾಗಿತ್ತು. ಆ ಹಗುರವನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತಿತ್ತು.

“ದೊಡ್ಡೋರು ಬಂದ್ರು ನೋಡಿ,” ಎಂದು ತಾವಿಯಾ ಕೂಗಿದಳು. ಸೆರ್ವಾಳ ಸೋದರಮಾವ ಒಪಾನಿನ್ ಡಾಪಾ ಕಪ್ಪು ಬಟ್ಟೆಯನ್ನು ಎಡಭುಜದ ಮೇಲೆ ಎಳೆದುಕೊಳ್ಳುತ್ತ ಒಳಗೆ ಬಂದ. ತಾಯಿಯ ಬಳಿಗೆ, ಎಂದರೆ ತಾಯಿಯ ಕಡೆಯ ಕುಲಕ್ಕೆ, ಅವನೇ ಹಿರಿಯ. ಸತ್ತವರು ಬಳಿಗೆ ಸೇರಿದವರು, ಸತ್ತವರ ಕುರಿತ ಕೊನೆಯ ಮಾತು ಅವನದು. ಈ ಸಲ ಸತ್ತದ್ದು ಅವನ ಸ್ವಂತ ತಾಯಿ.

“ಕೂತ್ಕೊಳ್ಳಿ ದೊಡ್ಡೋರೆ. ಆ ಕುರ್ಚಿ ಬೇಡ, ಅದಕ್ಕೂ ನಿಮ್ಮಷ್ಟೇ ವಯಸ್ಸು, ಕಾಲು ನಡುಗುತ್ತೆ,” ಎಂದಳು ತಾವಿಯಾ.

“ಹಾಗಾದ್ರೆ ಅದನ್ನೇ ಕೊಡು. ಒಂದೇ ವಾರಿಗೆಯೋರು ಈಗ ಸಿಗೋದೇ ಕಷ್ಟ.” ಕೂತ. ಕುರ್ಚಿ ನಡುಗಿತು. “ಎಲ್ಲಿ ಅಳಿಯಂದ್ರೇ, ನಮ್ಮಮ್ಮನ್ನ ತೋರಿಸಿ.”

ಅದೊಮಾಕೊ ಪ್ರೂಫ್ ತೆಗೆದು ಅವನ ಮೊಣಕಾಲ ಮೇಲೆ ಹಾಸಿದ. ಡಾಪಾ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ಮುಖವನ್ನೇ ನೋಡಿದ. “ಚೆನ್ನಾಗಿದೆ. ಬದುಕಿದ್ದಾಗ ನಮ್ಮಮ್ಮ ಒಂದ್ಸಲಾನೂ ಇಷ್ಟು ಸುಮ್ನೆ ಕೂತಿರ್ಲಿಲ್ಲ,” ಎಂದು ಮೂಗು ಒರೆಸಿಕೊಂಡ. ಆಮೇಲೆ ಬೆರಳು ಕೆಳಗಿಳಿಯಿತು. “ಇದೇನಿದು? ನನಗಿಂತ ತಮ್ಮನ ಹೆಸರು ದಪ್ಪ?”

“ಎರಡೂ ಒಂದೇ ಅಳತೆ ಮಾವ. ಅವರ ಹೆಸರು ಗಿಡ್ಡ, ಸುತ್ತ ಜಾಗ ಜಾಸ್ತಿ. ಅದಕ್ಕೇ ದೊಡ್ಡದಾಗಿ ಕಾಣುತ್ತೆ.”

“ಹಾಗಾದ್ರೆ ನನ್ನ ಸುತ್ತಾನೂ ಜಾಗ ಬಿಡಿ. ಅವನಿಗೆ ಹುಟ್ಟಿದಾಗಿಂದ್ಲೂ ಜಾಗ ಜಾಸ್ತೀನೇ.”

ತಾವಿಯಾ ನಕ್ಕಳು. ಅದೊಮಾಕೊನ ಕಣ್ಣು ಆ ಬೆರಳಿನ ಮೇಲಿತ್ತು. ಬೆರಳು ಮಕ್ಕಳನ್ನು ದಾಟಿತು, ಮೊಮ್ಮಕ್ಕಳನ್ನು ದಾಟಿತು. ಇಷ್ಟು ಹೆಸರು ಬೇಡ, ಸಂಖ್ಯೆ ಹಾಕಿದರೆ ಸಾಕು ಎಂದು ಅವನು ಮೊದಲೇ ಹೇಳಿ ನೋಡಿದ್ದ. ಕುಡಿಗಳಿಗೆ ಹೆಸರಿಲ್ಲವೇ, ನಾವೇನು ಕುರಿ ಎಣಿಸುತ್ತಿದ್ದೇವೆಯೇ ಎಂದು ಬಳಿಯ ಹೆಂಗಸರು ಸಿಟ್ಟಾಗಿದ್ದರು. ಬೆರಳು ಮರಿಮಕ್ಕಳ ಸಾಲಿಗೆ ಬಂತು. ವಯಸ್ಸಿನ ಪ್ರಕಾರ ಹಿರಿಯರಿಂದ ಕಿರಿಯರಿಗೆ. ಹನ್ನೊಂದನೆಯ ಹೆಸರಿನ ಕೆಳಗೆ ನಿಂತಿತು. ಅಲ್ಲಿ ಹನ್ನೆರಡು ಮಿಲಿಮೀಟರಿನಷ್ಟು ಬಿಳಿ. ಮುದುಕನ ಉಗುರು ಆ ಬಿಳಿಯ ಮೇಲೆ ಕೂತು ಅದನ್ನು ಪೂರ್ತಿ ತುಂಬಿತು.

“ಇಲ್ಲೇನೋ ಬಿಟ್ಟುಹೋಗಿದೆ.”

ಡಾಪಾ ಕನ್ನಡಕ ತೆಗೆದು ಅದೊಮಾಕೊನ ಮುಖ ನೋಡಿದ. ಕೂಗಿ ಮಾತಾಡಿಯೇ ಅಭ್ಯಾಸವಿದ್ದ ಗಂಟಲು ತಗ್ಗಿತು. “ಅಳಿಯಂದ್ರೇ, ಇದು ಮಗೂಗೆ ಅಂತ ಬಿಟ್ಟಿದ್ದಾ?”

ಹದಿನಾಲ್ಕು ತಿಂಗಳಲ್ಲಿ ಆ ಬಳಿಯ ಒಬ್ಬರೂ ಅವನೆದುರು ಮಗು ಎಂಬ ಮಾತನ್ನು ಆಡಿರಲಿಲ್ಲ. ಯಂತ್ರದ ಹತ್ತಿರ ಬಟ್ಟೆಯ ಉಜ್ಜಾಟ ನಿಂತಿತು. ಹೌದು ಎನ್ನಲು ಬೇಕಾದದ್ದು ಎರಡು ಅಕ್ಷರ. ಆದರೆ ಹೌದೆಂದ ಕೂಡಲೇ ತನ್ನ ಮುಖದಲ್ಲಿ ಏನೋ ಬಿರಿದುಬಿಡಬಹುದು, ತಾವಿಯಾ ನೋಡಬಹುದು, ಈ ಮುದುಕ ಕೈ ಹಿಡಿದುಕೊಳ್ಳಬಹುದು, ಹಿಡಿದುಕೊಂಡರೆ ಆಮೇಲೆ ಏನು ಮಾಡುವುದು ಎಂದು ಭಯವಾಯಿತು. ಅದರ ಜೊತೆಗೇ, ಅವನು ಕರೆಯದೆ, ತರಗತಿಯ ಧ್ವನಿಯೂ ಬಂತು.

“ಇಲ್ಲ ಮಾವ. ಅದು ವಿನ್ಯಾಸಕ್ಕೆ. ಸಾಲು ಉದ್ದ ಆದಾಗ ನೋಡೋರ ಕಣ್ಣು ದಣಿಯುತ್ತೆ. ನಡುವೆ ಉಸಿರಾಡೋಕೆ ಜಾಗ ಬೇಕು. ಸಮತೋಲ ಅಂತೀವಿ.”

“ಸಮತೋಲ.” ಡಾಪಾ ಆ ಮಾತನ್ನು ಬಾಯಲ್ಲಿಟ್ಟು ರುಚಿ ನೋಡುವವನಂತೆ ಅಂದ. “ಹೌದಾ. ನಾನು ಬೇರೆ ಏನೋ ಅಂದ್ಕೊಂಡೆ. ಹೆಸರು ಹಾಕ್ತೀನಿ ಅಂದಿದ್ರೆ ಬಳಿ ಒಪ್ತಿರ್ಲಿಲ್ಲ ಬಿಡಿ, ನಾನೂ ಒಪ್ತಿರ್ಲಿಲ್ಲ. ಇದು ಅಳೋರ ಪಟ್ಟಿ. ಆ ಕೂಸು ಅಲ್ಲಿ ನಿಂತು ನಮ್ಮಮ್ಮನ್ನ ಎದುರುಗೊಳ್ಳೋಳು, ಇಲ್ಲಿಂದ ಕಳಿಸಿಕೊಡೋಳಲ್ಲ. ಆದ್ರೆ ಬರೀ ಜಾಗ ನೋಡಿ… ಜಾಗದ ಮೇಲೆ ಯಾರ ಕಟ್ಟಳೆ ಇದೆ? ಯಾರು ಬಂದು ಕೇಳ್ತಾರೆ? ಅದಕ್ಕಾಗಿ ಬಿಟ್ಟಿದ್ರೆ ನಾನು ಕೈ ಹಾಕ್ತಿರ್ಲಿಲ್ಲ.” ಸ್ವಲ್ಪ ಕಾದ. ನಿಜವಾಗಿ ಕಾದ, ಅದು ಅದೊಮಾಕೊಗೆ ಆಮೇಲೆ ಎಷ್ಟು ಸಲ ನೆನೆದರೂ ತಪ್ಪದೆ ಕಾಣುತ್ತಿತ್ತು, ಆ ಮುದುಕ ಕನ್ನಡಕವನ್ನು ಕೈಯಲ್ಲಿ ಹಿಡಿದು ಕಾದದ್ದು. ಆಮೇಲೆ ಡಾಪಾ ಸೊಂಟದಿಂದ ಫೋನು ತೆಗೆದ. “ಸಮತೋಲಕ್ಕೇ ಆದ್ರೆ ಒಳ್ಳೇದೇ ಆಯ್ತು. ಹ್ಯಾಂಬರ್ಗಿನ ನಮ್ಮ ಹುಡುಗ ಬೆಳಿಗ್ಗೆಯಿಂದ ಪ್ರಾಣ ತಿಂತಿದಾನೆ. ಅವನ ಎರಡು ಮಕ್ಕಳು ಬಿಟ್ಟೋಗಿದಾವಂತೆ. ಗಂಡಿಗೆ ಒಂಬತ್ತು, ಹೆಣ್ಣಿಗೆ ಆರು. ವಯಸ್ಸಿಗೆ ಸರಿಯಾಗಿ ಇಲ್ಲೇ ಬರ್ತಾವೆ. ಬರ್ಕೊಳ್ಳಿ: ಮಾರ್ವಿನ್, ಲೆಯೋನಿ. ನಮ್ಮೋರ ಹೆಸರಂತೆ ಇವು, ನಾಲಿಗೆ ಹೊರಳಿದ್ರೆ ತಾನೇ.”

ಆಗಲೂ ಹೇಳಬಹುದಿತ್ತು. ಮಾವ, ಸುಳ್ಳು ಹೇಳಿದೆ, ಅದು ಮಗುವಿಗೇ ಬಿಟ್ಟದ್ದು ಎಂದು. ಅವನು ಮೌಸ್ ಹಿಡಿದ. ಮಾರ್ವಿನ್ ಎಂದು ಟೈಪು ಮಾಡಿದ. ಅದರ ಕೆಳಗೆ ಸಾಲು ಬಿಟ್ಟು ಲೆಯೋನಿ ಎಂದು ಟೈಪು ಮಾಡಿದ. ಬದುಕಿದ್ದರೆ ಅಫ್ರಿಯೆಗೆ ಈಗ ಎಂಟು, ಅಣ್ಣ ತಂಗಿಯರ ಸರಿ ನಡುವೆ. ಈ ಲೆಕ್ಕ ಕೈಗೆ ತಾನಾಗಿಯೇ ಗೊತ್ತಿತ್ತು. ಹೆಸರುಗಳ ಕಾಲಂ ಕೆಳಗಿಳಿದು ಮಣ್ಣು ಮಾಡುವ ಜಾಗದ ಪಟ್ಟಿಯ ಮೇಲೆ ಹತ್ತಿ ಕೂತಿತು. ಅವನು ಎಲ್ಲ ಸಾಲುಗಳ ನಡುವಿನ ಅಂತರ ಕಡಿಮೆ ಮಾಡಿದ. ಸಾಲದೆ ಬಂತು. ಬಿಟ್ಟ ಜಾಗವನ್ನು ಹನ್ನೆರಡರಿಂದ ಒಂಬತ್ತಕ್ಕೆ ಇಳಿಸಿದ. ಪಕ್ಕಕ್ಕೆ ಬಂದು ಬಗ್ಗಿ ನೋಡುತ್ತಿದ್ದ ಡಾಪಾನ ಉಸಿರಿನಲ್ಲಿ ಕೋಲಾ ಬೀಜದ ಕಹಿ ವಾಸನೆಯಿತ್ತು. “ಇನ್ನೂ ಕಾಣುತ್ತೆ ಅಳಿಯಂದ್ರೇ. ಹಲ್ಲು ಬಿದ್ದ ಬಾಯಿ ಇದ್ದಂಗಿದೆ. ಜನ ನಗ್ತಾರೆ.” ಏಳಕ್ಕೆ ಇಳಿಸಿದ.

ಹಲ್ಲು ಬಿದ್ದ ಬಾಯಿ. ಅಫ್ರಿಯೆಯ ಮೇಲಿನ ಎರಡು ಹಲ್ಲು ಕ್ರಿಸ್‌ಮಸ್ಸಿಗೆ ಮುಂಚೆ ಒಂದರ ಹಿಂದೆ ಒಂದು ಬಿದ್ದಿದ್ದವು. ಆ ಕಂಡಿಯಿಂದ ಗಾಳಿ ಹಾಯಿಸುತ್ತ ಅವಳು ಇದೇ ಕೋಣೆಯಲ್ಲಿ, ಇದೇ ಮೇಜಿನ ಕೆಳಗೆ, ಹಾಳಾದ ಪೋಸ್ಟರುಗಳ ಬೆನ್ನಿಗೆ ಚಿತ್ರ ಬರೆಯುತ್ತಿದ್ದಳು. ಒಂದು ದಿನ ಪೋಸ್ಟರೊಂದನ್ನು ಮಗುಚಿ ಹಾಕಿ, “ಅಪ್ಪಾ, ಈ ಸತ್ತೋರೆಲ್ಲ ಯಾಕೆ ನಗ್ತಿದಾರೆ?” ಎಂದು ಕೇಳಿದಳು. ಫೋಟೋ ತೆಗೆಯುವಾಗ ಅವರು ಸತ್ತಿರಲಿಲ್ಲ ಎಂದು ಅವನು ಹೇಳಿದ. ಅವಳು ಯೋಚಿಸಿದಳು. “ಗೊತ್ತಿದ್ರೆ ನಗ್ತಿರ್ಲಿಲ್ಲ,” ಎಂದಳು. ಆಮೇಲೆ ಹಲ್ಲಿನ ಕಂಡಿಗೆ ನಾಲಿಗೆ ಚುಚ್ಚಿ, ಹೊಸ ಹಲ್ಲು ಬರುವಾಗ ಕಡಿಯುತ್ತದೆ, ಬಂದೇಬಿಟ್ಟಿತು, ಮುಟ್ಟಿ ನೋಡು ಎಂದು ಅವನ ಬೆರಳನ್ನು ಒಸಡಿಗೆ ಒತ್ತಿಕೊಂಡಳು. ಅಲ್ಲಿ ಏನೂ ಬಂದಿರಲಿಲ್ಲ. ಬಂದಿದೆ ಎಂದು ಅವನು ಹೇಳಿದ.

“ಈಗ ಸರಿಹೋಯ್ತು,” ಎಂದ ಡಾಪಾ. “ಒಳ್ಳೇ ಕಣ್ಣು ನಿಮ್ದು. ಸೆರ್ವಾ ಪುಣ್ಯ ಮಾಡಿದ್ಲು.” ಎದ್ದು ಬಟ್ಟೆ ಸರಿಮಾಡಿಕೊಂಡು, ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಬಿಸಿಲಿಗೆ ಇಳಿದ.

ತಾವಿಯಾ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. “ಯಾಕೆ ಹಾಗಂದ್ರಿ?”

“ಏನಂದೆ?”

“ಏನಿಲ್ಲ ಬಿಡಿ. ದಪ್ಪ ಕಾಗದ ಹಾಕ್ಲಾ, ತೆಳುವಾದ್ದು ಹಾಕ್ಲಾ?”

ಅಚ್ಚಿನ ತಟ್ಟೆಗೆ ಕಳಿಸುವ ಮೊದಲು ಪುಟವನ್ನು ಕೊನೆಯ ಸಲ ನೋಡಿದಾಗ ಅದೊಮಾಕೊನ ಕಣ್ಣಿಗೂ ಅದು ಸರಿ ಕಾಣಲಿಲ್ಲ. ಏಳು ಮಿಲಿಮೀಟರು ಯಾವ ಅರ್ಥವನ್ನೂ ಕೊಡುತ್ತಿರಲಿಲ್ಲ. ಬೇಕೆಂದೇ ಬಿಟ್ಟದ್ದೆನ್ನಲು ಸಾಲದು, ಕೈತಪ್ಪೆನ್ನಲು ಹೆಚ್ಚು. ನೋಡಿದವರು ಅದೊಮಾಕೊನ ಪ್ರೆಸ್ಸಿನಲ್ಲಿ ಸಾಲು ಕೂಡಿಸಲು ಬರುವುದಿಲ್ಲ ಎಂದಾರು. ಅವನಿಗೆ ನಾಚಿಕೆಯಾಯಿತು, ಮತ್ತು ಆ ನಾಚಿಕೆ ಮಗುವಿನದಲ್ಲ, ಕಸುಬಿನದು ಎಂದು ಗೊತ್ತಾದಾಗ ಇನ್ನೂ ನಾಚಿಕೆಯಾಯಿತು. ಆದರೂ ಕೈ ಇನ್ನೊಂದಿಷ್ಟು ಒತ್ತಿತು. ಎಷ್ಟೆಂದು ಅವನು ನೋಡಲಿಲ್ಲ. ಯಂತ್ರ ಶುರುವಾಯಿತು. ನಾನಾ ಫ್ರೆಮಾ ಒಬ್ಬಳ ಮೇಲೊಬ್ಬಳಾಗಿ ಬಂದು ಬೀಳತೊಡಗಿದಳು, ಪ್ರತಿ ಸಲವೂ ಅದೇ ಕೈ ಮಡಿಲಲ್ಲಿ. ಮಧ್ಯಾಹ್ನದ ತರಗತಿಗೆ ಬರುವುದಿಲ್ಲವೆಂದು ಅವನು ಪಾಲಿಟೆಕ್ನಿಕ್ಕಿಗೆ ಫೋನು ಮಾಡಿದ. ಹುಷಾರಿಲ್ಲವೇ ಎಂದು ಆ ಕಡೆಯಿಂದ ಕೇಳಿದರು. ಹೌದು ಎಂದ. ಈ ಹೌದು ಎಷ್ಟು ಸಲೀಸಾಗಿ ಬಂತು.

ಇನ್ನೂ ಬಿಸಿಲಿರುವಾಗಲೇ ಒಂದು ಪೋಸ್ಟರನ್ನು ಸುರುಳಿ ಸುತ್ತಿ ಮನೆಗೆ ಹೋದ. ಸೆರ್ವಾ ಅಂಗಳದಲ್ಲಿ ಮಣೆಯ ಮೇಲೆ ಕೂತು ಕೊಂಟೊಮಿರೆ ಸೊಪ್ಪಿನ ನಾರು ಬಿಡಿಸುತ್ತಿದ್ದಳು. ಅವನನ್ನು ಕಂಡು ಎದ್ದಳು, ಕೈ ತೊಳೆದಳು, ಒಂದು ಸಲಕ್ಕೆ ತೃಪ್ತಿಯಾಗದೆ ಸೋಪು ಹಾಕಿ ಇನ್ನೊಂದು ಸಲ ತೊಳೆದು ಬಟ್ಟೆಗೆ ಒರೆಸಿಕೊಂಡಳು. ಅವಳು ಅಷ್ಟು ಜೋಪಾನವಾಗಿ ಕೈ ಒರೆಸಿಕೊಳ್ಳುವುದನ್ನು ನೋಡುತ್ತ ನಿಲ್ಲುವುದು ಅವನಿಗೆ ಕಷ್ಟವಾಯಿತು. ಕಟ್ಟೆಯ ಮೇಲೆ ಪೋಸ್ಟರು ಬಿಡಿಸಿ ನಾಲ್ಕು ಮೂಲೆಗೂ ಏನೇನೋ ಇಟ್ಟರು. ಅಜ್ಜಿಯ ಮುಖವನ್ನು ಅವಳು ನೋಡಲೇ ಇಲ್ಲ. ಅವನು ಹಾಕಿದ ದಾರಿಯಲ್ಲಿ ಆ ಕಣ್ಣು ನಡೆಯಲಿಲ್ಲ. ನೇರ ಕೆಳಗೆ ಹೋಯಿತು. ತೋರುಬೆರಳು ಒಂದೊಂದೇ ಹೆಸರಿನ ಮೇಲೆ ತುಟಿಯ ಜೊತೆ ಇಳಿಯಿತು, ಕೊನೆ ಮುಟ್ಟಿತು, ಮೇಲಿಂದ ಇನ್ನೊಂದು ಸಲ ಇಳಿಯಿತು.

“ಎಲ್ಲಿ?”

“ಹೆಸರು ಹಾಕೋಕಾಗ್ಲಿಲ್ಲ. ಜಾಗ ಬಿಟ್ಟಿದೀನಿ.”

“ಮಾವ ಬೇಡ ಅಂದ್ರಾ?”

ಹೌದು ಎಂದರೆ ಪೂರ್ತಿ ಸುಳ್ಳಾಗುತ್ತಿರಲಿಲ್ಲ. ಹೆಸರಾದರೆ ಒಪ್ಪುತ್ತಿರಲಿಲ್ಲ ಎಂದು ಮುದುಕನೇ ಹೇಳಿದ್ದನಲ್ಲ. ಅವನು ಅಷ್ಟು ದೂರ ಹೋಗಿ ನಿಂತ. “ಕೇಳಿದ್ರು,” ಎಂದ. “ಜಾಗ ನೋಡಿ, ಮಗೂಗೆ ಅಂತ ಬಿಟ್ಟಿದ್ದಾ ಅಂತ ಕೇಳಿದ್ರು.”

“ನೀವೇನಂದ್ರಿ?”

ಪಕ್ಕದ ಮನೆಯಲ್ಲಿ ಫುಫು ಕುಟ್ಟುವ ಸದ್ದು, ಒಂದೇ ಅಳತೆಯ ಅಂತರದಲ್ಲಿ. ಅವನು ಆ ಅಂತರಗಳನ್ನು ಕೇಳುತ್ತ ನಿಂತ. ಸೆರ್ವಾ ಇನ್ನೊಮ್ಮೆ ಕೇಳಲಿಲ್ಲ. ಅವಳ ಮುಖದಲ್ಲಿ ಸಿಟ್ಟು ಬಂದಿದ್ದರೆ ಅವನು ಅದಕ್ಕೆ ಆತುಕೊಳ್ಳುತ್ತಿದ್ದ. ಬಂದದ್ದು ಸಿಟ್ಟಲ್ಲ, ಗೊತ್ತಿದ್ದದ್ದು ಗೊತ್ತಾದಾಗ ಬರುವ ಒಂದು ಬಗೆಯ ದಣಿವು.

“ಸರಿ,” ಎಂದಳು. “ಆ ಜಾಗಾನಾದ್ರೂ ತೋರಿಸಿ. ಎಲ್ಲಿದೆ?”

ಅವನು ಬಗ್ಗಿದ. ಮಾರ್ವಿನ್, ಲೆಯೋನಿ. ಅದಕ್ಕೆ ಮೇಲಿನ ಜೋಡಿ, ಕೆಳಗಿನ ಜೋಡಿ. ಬಿಸಿಲು ಇಳಿಯುತ್ತಿತ್ತು, ಸಾಲುಗಳೆಲ್ಲ ಒಂದೇ ಥರ ಕಂಡವು. ಕಣ್ಣು ಕಿರಿದು ಮಾಡಿ ನೋಡಿದ, ದೂರ ಸರಿದು ನೋಡಿದ. ಅವಳು ಪಕ್ಕದಲ್ಲಿ ಬೆರಳು ಮುಂದೆ ಮಾಡಿಕೊಂಡೇ ನಿಂತಿದ್ದಳು, ಇಡಬೇಕಾದ ಕಡೆ ಇಡಲು. ಕೊನೆಗೆ ಅವನು ಒಳಗೆ ಹೋಗಿ ಚೀಲದಿಂದ ಉಕ್ಕಿನ ಅಳತೆಪಟ್ಟಿ ತಂದು ಕಾಗದದ ಮೇಲಿಟ್ಟ. ಒಂದು ಜೋಡಿ ಅಳೆದ, ಇನ್ನೊಂದು ಅಳೆದ, ಆಮೇಲೆ ಆ ಎರಡು ಹೆಸರುಗಳ ನಡುವೆ ಪಟ್ಟಿಯನ್ನು ನಿಲ್ಲಿಸಿದ.

“ಎಷ್ಟಿದೆ?” ಎಂದಳು ಸೆರ್ವಾ.

ಉಳಿದ ಹೆಸರುಗಳ ನಡುವೆ ನಾಲ್ಕು ಮಿಲಿಮೀಟರ್ ಇತ್ತು. ಇಲ್ಲಿ ಐದೂವರೆ.